ಬೋರ್ಡಿನ ಮೇಲಿನ ಡಾಕ್ಟರಮ್ಮ ನಾನೇ

ಕಲಬುರಗಿಯಲ್ಲಿ ನನ್ನದೇ ಫಿಸಿಯೋಥೆರಪಿ ಕ್ಲಿನಿಕ್ ಶುರು ಮಾಡಿದಾಗ ಬೋರ್ಡಿಗೆ ಒಂದು ಫೋಟೋ ಬೇಕಿತ್ತು. ಗಡಿಬಿಡಿಯಲ್ಲಿ ಒಂದು ಸ್ಟುಡಿಯೋಗೆ ಹೋಗಿ ಐದು ನಿಮಿಷದಲ್ಲಿ ತೆಗೆಸಿಕೊಂಡು ಬಂದೆ. ಬೋರ್ಡ್ ಏರಿತು. ಹದಿನೈದು ದಿನ ಆಗಿರಬೇಕು, ಆಳಂದ ಕಡೆಯಿಂದ ಮೊಣಕಾಲು ನೋವಿನ ಅಜ್ಜಿಯೊಬ್ಬರು ಬಂದರು. ನಾನು ಅವರ ಕಾಲು ಹಿಡಿದು ಮಡಚಿ ನೋಡುತ್ತಿದ್ದೆ. ಅವರು ಬಾಗಿಲ ಕಡೆ ನೋಡುತ್ತಾ ಕೇಳಿದರು: “ಬೋರ್ಡಿನಾಗ ಇದ್ದ ಡಾಕ್ಟರಮ್ಮ ಯಾವಾಗ ಬರ್ತಾರವ್ವಾ?”

ನಾನು ಕಪ್ಪು. ಆ ಫೋಟೋದಲ್ಲಿದ್ದವಳು ಬೆಳ್ಳಗಿದ್ದಳು. ನನ್ನ ಗದ್ದದ ಮೇಲಿನ ಹಳೇ ಗಾಯದ ಗುರುತು ಅವಳಿಗೆ ಇರಲಿಲ್ಲ. ಫೋಟೋ ಕೈಗೆ ಬಂದ ದಿನವೇ ನನಗಿದು ಕಂಡಿತ್ತು. ಎಲ್ಲರಿಗೂ ಹೀಗೇ ಮಾಡ್ತಾರಲ್ಲ ಅಂತ ಬಿಟ್ಟಿದ್ದೆ. ಅಜ್ಜಿಯ ಮಾತು ಕೇಳಿದ ಮೇಲೆ ಸುಮ್ನಿರಲು ಆಗಲಿಲ್ಲ. ನೋವಿರುವ ಮೈಯನ್ನು ನನ್ನ ಕೈಗೆ ಕೊಡಲು ಬಂದವರು ಅವರು. ಬಾಗಿಲಲ್ಲಿ ಕಂಡ ಮುಖವೇ ಒಳಗೂ ಇರಬೇಕು, ಅಲ್ವಾ?

ಹಾಗಾಗಿ ಇನ್ನೊಂದು ಸಲ ತೆಗೆಸಿದೆ. ಈ ಸಲ ತಯಾರಿಗೇ ಮೂರು ವಾರ ಕೊಟ್ಟೆ.

ಮೊದಲ ವಾರ ಪೂರ್ತಿ ಫೋಟೋಗ್ರಾಫರ್ ಹುಡುಕುವುದರಲ್ಲೇ ಹೋಯಿತು. ಭೇಟಿಯಾದವರಿಗೆಲ್ಲ ಒಂದೇ ಮಾತು ಕೇಳಿದೆ: “ಕಪ್ಪು ಬಣ್ಣದವರ ಫೋಟೋ ತೋರಿಸ್ರೀ. ಎಡಿಟ್ ಮಾಡೋಕೂ ಮುಂಚಿನದು, ಆಮೇಲಿನದು, ಎರಡೂ ಬೇಕು.” ಮೂರನೆಯವನು ಮದುವೆ ಫೋಟೋ ತೆಗೆಯುವ ಹುಡುಗ. ಅವನು ತೋರಿಸಿದ ಜೋಡಿ ಚಿತ್ರಗಳಲ್ಲಿ ಮದುಮಗಳ ಬಣ್ಣ ಎರಡರಲ್ಲೂ ಒಂದೇ ಇತ್ತು. ಅವನಿಗೇ ಹೇಳಿದೆ. ಆದರೂ ಮಾತಿನ ನಡುವೆ ಅವನ ಬಾಯಿಂದ “ಸ್ವಲ್ಪ ಬ್ರೈಟ್ ಮಾಡ್ತೀನ್ರೀ ಮೇಡಂ” ಅಂತ ಬಂದೇಬಿಟ್ಟಿತು. “ಬ್ಯಾಡಪ್ಪ” ಅಂದೆ. ಇಬ್ಬರೂ ಕೂತು ಒಂದು ಕರಾರು ಮಾಡಿಕೊಂಡೆವು. ಒಂದು ವಾರದಲ್ಲಿ ತಾನಾಗಿ ಹೋಗುವ ಮೊಡವೆಯಂಥದ್ದನ್ನು ತೆಗೆಯಬಹುದು. ಮುಖದಲ್ಲಿ ಯಾವಾಗಲೂ ಇರುವುದು ಫೋಟೋದಲ್ಲೂ ಇರಬೇಕು. ಕಣ್ಣ ಕೆಳಗಿನ ಕಪ್ಪು ಸ್ವಲ್ಪ ತಿಳಿಯಾಗಲಿ, ಪೂರ್ತಿ ಅಳಿಸುವುದು ಬೇಡ. ಮೈಬಣ್ಣ ಮುಟ್ಟುವ ಹಾಗಿಲ್ಲ.

ಬೆಳ್ಳಗೆ ಮಾಡುವ ಈ ಚಟ ನಮ್ಮೂರಿನ ಸ್ಟುಡಿಯೋಗಳದ್ದು ಮಾತ್ರ ಅಂತ ತಿಳಿದಿದ್ದೆ. ಅದರ ಬೇರು ದೂರದಲ್ಲೂ ಇದೆ. ಫಿಲ್ಮ್ ಕಾಲದಲ್ಲಿ ಕೊಡಾಕ್ ಕಂಪನಿ ಪ್ರಿಂಟ್ ಹಾಕುವ ಲ್ಯಾಬುಗಳಿಗೆ ಒಂದು ಮಾದರಿ ಚಿತ್ರ ಕಳಿಸುತ್ತಿತ್ತು. ಅದರ ಹೆಸರು ಶೆರ್ಲಿ ಕಾರ್ಡ್. ಅದರಲ್ಲಿ ಬಿಳಿ ಮೈಬಣ್ಣದ ಒಬ್ಬ ಹೆಂಗಸು. ಅವಳ ಬಣ್ಣ ಸರಿ ಬಂದರೆ ಪ್ರಿಂಟ್ ಸರಿ ಅಂತ ಲೆಕ್ಕ. ಎಷ್ಟೋ ವರ್ಷ ನಮ್ಮಂಥವರ ಮುಖ ಆ ಲೆಕ್ಕದಲ್ಲೇ ಇರಲಿಲ್ಲ. ಇದನ್ನು ತಿಳಿದ ದಿನ ನನಗೆ ಸಿಟ್ಟು ಬಂದಿತ್ತು. ಈಗಲೂ ಇದೆ.

ಸ್ಟುಡಿಯೋ ಬೇಡ, ಕ್ಲಿನಿಕ್‌ನಲ್ಲೇ ತೆಗೆಯೋಣ ಅಂತ ಹುಡುಗ ಹೇಳಿದ. ಹಿಂದಿನ ಕೋಣೆಗೆ ಉತ್ತರಕ್ಕೆ ದೊಡ್ಡ ಕಿಟಕಿ ಇದೆ. ಮಾರ್ಚ್ ಮೊದಲ ವಾರ ಅದರಲ್ಲಿ ನೇರ ಬಿಸಿಲು ಬೀಳುವುದಿಲ್ಲ. ಮೆತ್ತಗಿನ ಬೆಳಕು ಇಡೀ ದಿನ ಇರುತ್ತದೆ. ಮೇ, ಜೂನ್ ಆಗಿದ್ದರೆ ಈ ಲೆಕ್ಕ ತಪ್ಪುತ್ತಿತ್ತು. ಆಗ ಸೂರ್ಯ ಕಲಬುರಗಿಯ ನೆತ್ತಿ ದಾಟಿ ಉತ್ತರಕ್ಕೆ ಹೋಗಿರುತ್ತಾನೆ. ನೆಲಕ್ಕೆ ಶಹಾಬಾದ್ ಕಲ್ಲು ಇದೆ. ಅದರ ಬೂದು ಬಣ್ಣ ಒಳ್ಳೆಯದಾಯಿತು, ಯಾಕಂದರೆ ನೆಲದಿಂದ ಪುಟಿಯುವ ಬೆಳಕಿಗೆ ಬೇರೆ ಬಣ್ಣ ಅಂಟುವುದಿಲ್ಲ. ಪಕ್ಕದ ಗೋಡೆ ಮಾತ್ರ ಹಸಿರು. ಫೋನಿನಲ್ಲಿ ಒಂದು ಫೋಟೋ ತೆಗೆದು ನೋಡಿದೆವು. ನನ್ನ ಬಲಗೆನ್ನೆಗೆ ಹಸಿರು ಬಡಿದಿತ್ತು. ಗೋಡೆಗೆ ಬಿಳಿ ಬೆಡ್‌ಶೀಟ್ ಇಳಿಬಿಟ್ಟ ಮೇಲೆ ಹೋಯಿತು.

ಬಟ್ಟೆಗೆ ಬಂದರೆ, ಬಿಳಿ ಕೋಟು ಹಾಕಲೇಬೇಕು ಅಂತ ನನಗೆ ಆಸೆ ಇತ್ತು. ಹುಡುಗ ಬೇಡ ಅಂದ. ಕ್ಯಾಮೆರಾವನ್ನು ಅದರ ಪಾಡಿಗೆ ಬಿಟ್ಟರೆ ಎದುರಿಗಿರುವುದೆಲ್ಲ ಸೇರಿ ನಡು ಬೂದು ಬಣ್ಣ ಅಂದುಕೊಂಡು ಬೆಳಕು ಅಳೆಯುತ್ತದೆ. ಚಿತ್ರದ ತುಂಬ ಬಿಳಿ ಕೋಟೇ ಇದ್ದರೆ, ಬೆಳಕು ಜಾಸ್ತಿಯಾಯಿತು ಅಂತ ಎಲ್ಲವನ್ನೂ ಮಂಕು ಮಾಡುತ್ತದೆ. ಕಪ್ಪು ಮುಖ ಇನ್ನೂ ಕತ್ತಲಾಗುತ್ತದೆ. ಆಮೇಲೆ ಕಂಪ್ಯೂಟರಿನಲ್ಲಿ ಮುಖ ಎತ್ತಲು ಹೋಗಿ ಬಣ್ಣವೇ ಕೆಡುತ್ತದೆ. ನನ್ನ ಹಳೇ ಫೋಟೋದಲ್ಲಿ ಮೈತುಂಬ ಬಿಳಿ ಕೋಟು ಇತ್ತು ಅಂತ ಆಗ ನೆನಪಾಯಿತು. ಸಣ್ಣ ಚೌಕಳಿಯ ಇಳಕಲ್ ಸೀರೆಯನ್ನೂ ಪಕ್ಕಕ್ಕಿಟ್ಟೆ. ಒತ್ತೊತ್ತಾದ ಸಣ್ಣ ಗೆರೆ, ಚೌಕಳಿ ಇದ್ದರೆ ಡಿಜಿಟಲ್ ಚಿತ್ರದಲ್ಲಿ ಇಲ್ಲದ ಅಲೆಗಳು ಮೂಡುತ್ತವೆ. ಕೊನೆಗೆ ಮೂರು ಸೀರೆ ಉಳಿದವು. ಮೂರನ್ನೂ ಉಟ್ಟು ಅದೇ ಕಿಟಕಿ ಪಕ್ಕ ಫೋನಿನಲ್ಲಿ ತೆಗೆದು ಅವ್ವನಿಗೆ ತೋರಿಸಿದೆ. ನವಿಲು ಬಣ್ಣದ ಕಾಟನ್ ಸೀರೆಗೆ ಅವ್ವ ಬೆರಳಿಟ್ಟಳು. ಅದಕ್ಕೆ ಗಂಜಿ ಹಾಕಿ, ಇಸ್ತ್ರಿ ಮಾಡಿಸಿ, ಮಡಚದೆ ನೇತುಹಾಕಿದೆ.

ಮುಖಕ್ಕೆ ಹೊಸದೇನೂ ಮಾಡಲಿಲ್ಲ. ಹುಬ್ಬು ನಾಲ್ಕು ದಿನ ಮೊದಲೇ ಮಾಡಿಸಿದೆ, ಕೆಂಪು ಇಳಿಯಲಿ ಅಂತ. ಫೇಶಿಯಲ್ ಬೇಡವೇ ಬೇಡ ಅಂದೆ. ಹೊಸ ಕ್ರೀಮಿಗೆ ಚರ್ಮ ಏನನ್ನುತ್ತದೋ ಹೇಳಲಾಗದು. ತಲೆಗೆ ಹಿಂದಿನ ದಿನ ನೀರು ಹಾಕಿಕೊಂಡೆ, ಎಣ್ಣೆ ಹಚ್ಚಲಿಲ್ಲ. ಆ ದಿನ ಸನ್‌ಸ್ಕ್ರೀನ್ ಕೂಡ ಬಿಟ್ಟೆ. ಜಿಂಕ್ ಆಕ್ಸೈಡ್ ಇರುವ ಸನ್‌ಸ್ಕ್ರೀನ್ ನಮ್ಮ ಬಣ್ಣದ ಮೇಲೆ ಬೂದಿ ಬಳಿದ ಹಾಗೆ ಕಾಣುತ್ತದೆ, ಫ್ಲ್ಯಾಶ್ ಬಿದ್ದರಂತೂ ಇನ್ನೂ ಜಾಸ್ತಿ. ದಿನಾ ಇಡುವ ಕುಂಕುಮ, ದಿನಾ ಹಾಕುವ ಓಲೆ ಹಾಗೇ ಇದ್ದವು. ಕನ್ನಡಕ ತೆಗೆಯಬೇಕೋ ಬೇಡವೋ ಅಂತ ಬಹಳ ಯೋಚಿಸಿದೆ. ರೋಗಿಗಳು ನನ್ನನ್ನು ಕನ್ನಡಕ ಇಲ್ಲದೆ ನೋಡಿಯೇ ಇಲ್ಲ. ಅದಕ್ಕೇ ಹಾಕಿಕೊಂಡೆ. ನನ್ನದು ಬಿಸಿಲಿಗೆ ಕಪ್ಪಾಗುವ ಗಾಜು. ಮತ್ತೆ ತಿಳಿಯಾಗಲು ಕೆಲವು ನಿಮಿಷ ಬೇಕು. ಹಾಗಾಗಿ ದಾರಿಯುದ್ದಕ್ಕೂ ಡಬ್ಬಿಯಲ್ಲೇ ಇಟ್ಟು, ಒಳಗೆ ಬಂದ ಮೇಲೆ ಹಾಕಿದೆ. ಗಾಜಿನಲ್ಲಿ ಕಿಟಕಿ ಹೊಳೆದಾಗ ಹುಡುಗ ಕಡ್ಡಿಗಳನ್ನು ಕಿವಿಯಿಂದ ಒಂದಿಷ್ಟು ಮೇಲೆತ್ತಿದ. ಗಾಜು ಕೆಳಗೆ ವಾಲಿತು, ಹೊಳಪು ಹೋಯಿತು.

ಇನ್ನು ಮೈ. ಇದು ನನ್ನ ಕಸುಬಿನ ವಿಷಯ, ಇಲ್ಲಿ ನನಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಕ್ಯಾಮೆರಾ ಕಂಡ ಕೂಡಲೇ ಮನುಷ್ಯರ ಭುಜ ಕಿವಿಯ ಕಡೆ ಏರುತ್ತದೆ, ದವಡೆ ಬಿಗಿಯುತ್ತದೆ, ಉಸಿರು ನಿಲ್ಲುತ್ತದೆ. ಕುತ್ತಿಗೆ ನೋವಿನವರಲ್ಲಿ ದಿನಾ ನೋಡುವುದು ಇದನ್ನೇ. ಎರಡು ವಾರ ದಿನಕ್ಕೆ ಹತ್ತು ನಿಮಿಷ ಕನ್ನಡಿ ಮುಂದೆ ನಿಂತೆ. ಭುಜ ಮೇಲೆತ್ತಿ, ಹಿಂದಕ್ಕೆ ತಿರುಗಿಸಿ, ಕೆಳಗೆ ಬಿಡುವುದು. ನಾಲಿಗೆಯ ತುದಿ ಮೇಲಿನ ಹಲ್ಲುಗಳ ಹಿಂದೆ, ಮೇಲಿನ ಹಲ್ಲು ಕೆಳಗಿನ ಹಲ್ಲಿಗೆ ತಾಗದಂತೆ. ಉಸಿರು ಪೂರ್ತಿ ಹೊರಗೆ ಬಿಟ್ಟು ಆಗ ಕಣ್ಣೆತ್ತುವುದು. ಗದ್ದವನ್ನು ಒಂದು ಬೆರಳಿನಷ್ಟು ಮುಂದೆ ತಂದು ಚೂರು ತಗ್ಗಿಸಿದರೆ ದವಡೆಯ ಗೆರೆ ಬಿಡಿಸಿ ಕಾಣುತ್ತದೆ. ಭಾರವನ್ನು ಹಿಂದಿನ ಕಾಲಿಗೆ ಕೊಟ್ಟರೆ ಮೈ ಸೆಟೆಯುವುದಿಲ್ಲ.

ನಗು ಮಾತ್ರ ಕನ್ನಡಿ ಮುಂದೆ ಕಲಿಯಲು ಬರಲಿಲ್ಲ. ಬಾಯಿಯ ಮೂಲೆ ಎತ್ತುವ ಸ್ನಾಯು ನಾವು ಹೇಳಿದ ಹಾಗೆ ಕೇಳುತ್ತದೆ. ಕಣ್ಣಿನ ಸುತ್ತ ಇರುವ ಸ್ನಾಯು ಅಷ್ಟು ಸುಲಭವಾಗಿ ಕೇಳುವುದಿಲ್ಲ. ಮುಖದ ಸ್ನಾಯುಗಳಿಗೆ ವಿದ್ಯುತ್ ಮುಟ್ಟಿಸಿ, ಫೋಟೋ ತೆಗೆದು ಇದನ್ನು ತೋರಿಸಿದವರು ಫ್ರಾನ್ಸಿನ ವೈದ್ಯ ಡುಶೆನ್, 1862ರಲ್ಲಿ. ಮಕ್ಕಳ ಸ್ನಾಯು ಸವೆಯುವ ಒಂದು ಕಾಯಿಲೆಗೂ ಅವರದೇ ಹೆಸರಿದೆ. ಓದುವಾಗ ಆ ಹೆಸರನ್ನು ಕಾಯಿಲೆಗಾಗಿ ಕಲಿತಿದ್ದೆ. ನಗುವಿಗಾಗಿ ನೆನಪಾಗಿದ್ದು ಈಗ.

ಆ ದಿನ ಬೆಳಿಗ್ಗೆ ಎಂಟಕ್ಕೆ ಶುರು ಮಾಡಿದೆವು. ಹತ್ತರ ಮೇಲೆ ನಮ್ಮೂರ ಸೆಕೆ ಗೊತ್ತಲ್ಲ. ಫ್ಯಾನ್ ಹಾಕಿದರೆ ಕೂದಲು ಹಾರುತ್ತದೆ, ಬಿಟ್ಟರೆ ಮೂಗಿನ ಮೇಲೆ ಬೆವರು ಹೊಳೆಯುತ್ತದೆ. ಪ್ರತಿ ಐದು ನಿಮಿಷಕ್ಕೆ ಫ್ಯಾನ್ ಹಾಕಿ ನಿಂತು, ಮೆತ್ತನೆ ಕರವಸ್ತ್ರ ಒತ್ತಿ, ಮತ್ತೆ ಆರಿಸಿದೆವು. ಒರೆಸಬಾರದು, ಒತ್ತಬೇಕು. ಹುಡುಗ ಮೊದಲು ನನ್ನ ಕೈಗೆ ಒಂದು ಬೂದು ಬಣ್ಣದ ಕಾರ್ಡ್ ಕೊಟ್ಟು ಒಂದು ಚಿತ್ರ ತೆಗೆದ. ಆಮೇಲೆ ಕಂಪ್ಯೂಟರಿನಲ್ಲಿ ಆ ಕಾರ್ಡ್ ಬೂದಾಗಿ ಕಂಡರೆ ಉಳಿದ ಬಣ್ಣವೂ ಸರಿ ಇದೆ ಅಂತ ಅರ್ಥ. ಅವನು ನಿಂತದ್ದು ಏಳು ಅಡಿ ದೂರ. ಫೋನನ್ನು ಮುಖದ ಹತ್ತಿರ ಹಿಡಿದಾಗ ಮೂಗು ದೊಡ್ಡದಾಗಿ ಕಾಣುತ್ತದಲ್ಲ, ದೂರ ಹೋದರೆ ಆ ತೊಂದರೆ ಇಲ್ಲ.

ಮೊದಲ ಅರ್ಧ ಗಂಟೆಯ ಚಿತ್ರಗಳಲ್ಲಿ ಎಲ್ಲವೂ ಸರಿ ಇತ್ತು, ಕಣ್ಣು ಮಾತ್ರ ಸುಮ್ಮನಿತ್ತು. ಆಗ ಅವನು ಕ್ಯಾಮೆರಾ ಕೆಳಗಿಳಿಸಿ, “ನಿಮ್ಮ ಹತ್ರ ಬಂದವರೊಳಗ ಭಾಳ ನೆನಪಿರೋರು ಯಾರ್ರೀ?” ಅಂದ. ಲಕ್ವಾ ಹೊಡೆದ ರೈತರೊಬ್ಬರ ಕಥೆ ಹೇಳಿದೆ. ಮೂರು ತಿಂಗಳು ಅವರ ಬಲಗೈ ಬೆರಳು ಬಿಡಿಸಿದ್ದೆ. ಒಂದು ದಿನ ಅವರು ಬುತ್ತಿ ಬಿಚ್ಚಿ, ನನ್ನೆದುರೇ, ಅದೇ ಕೈಯಿಂದ ಕಟಿ ರೊಟ್ಟಿ ಮುರಿದರು. ಮುರಿದ ತುಂಡನ್ನು ನನಗೇ ಕೊಟ್ಟರು. ಹೇಳುತ್ತಿರುವಾಗಲೇ ಅವನು ತೆಗೆದ ಚಿತ್ರ ಈಗ ಬೋರ್ಡಿನಲ್ಲಿದೆ.

ಫೈಲ್ ತಗೊಳ್ಳುವಾಗ ಒಂದು ಎಚ್ಚರ. ವಾಟ್ಸಾಪಿನಲ್ಲಿ ಫೋಟೋ ಅಂತ ಕಳಿಸಿದರೆ ಅದು ಕುಗ್ಗುತ್ತದೆ. ಡಾಕ್ಯುಮೆಂಟ್ ಅಂತ ಕಳಿಸಲು ಹೇಳಿ, ಇಲ್ಲ ಪೆನ್‌ಡ್ರೈವ್ ಕೊಡಿ. 8 ಇಂಚು ಅಗಲ 10 ಇಂಚು ಎತ್ತರದ ಒಳ್ಳೆ ಪ್ರಿಂಟಿಗೆ ಕಡಿಮೆ ಅಂದರೂ 2400ಕ್ಕೆ 3000 ಪಿಕ್ಸೆಲ್ ಇರಲಿ. ಬೋರ್ಡಿನವರಿಗೂ ಫೈಲ್ ಜೊತೆ ಒಂದು ಪ್ರಿಂಟ್ ಕೊಟ್ಟು, ಬಣ್ಣ ಇದಕ್ಕೇ ಹೊಂದಿಸಿ ಅಂತ ಹೇಳಿದೆ.

ಇಷ್ಟು ಹೊತ್ತೂ ಅವ್ವ ಮೂಲೆಯ ಸ್ಟೂಲಿನ ಮೇಲೆ ಕೂತಿದ್ದಳು. ನನ್ನ ಬಣ್ಣ ಅವಳದೇ. ಅವಳ ಫೋಟೋ ಅಂತ ಮನೆಯಲ್ಲಿರುವುದು ಮದುವೆಯದೊಂದು, ಗುರುತಿನ ಚೀಟಿಯದೊಂದು. ಬೆಳಕು ಇನ್ನೂ ಚೆನ್ನಾಗಿತ್ತು. ಕುರ್ಚಿಗೆ ಕರೆದೆ. “ನಂದ್ಯಾಕವ್ವ, ಕರಿ ಮುಖ” ಅಂದಳು. ಕೈ ಹಿಡಿದು ಕೂರಿಸಿ ಸೆರಗು ಸರಿ ಮಾಡಿದೆ. ಬೂದು ಕಾರ್ಡನ್ನು ಅವಳ ಕೈಗೆ ಕೊಟ್ಟು ಹುಡುಗನ ಕಡೆ ನೋಡಿದೆ. ನಾನು ಬಾಯಿ ತೆರೆಯುವ ಮೊದಲೇ ಅವನು ಹೇಳಿದ: “ಗೊತ್ತೈತ್ರೀ ಮೇಡಂ. ಬಣ್ಣ ಮುಟ್ಟಂಗಿಲ್ಲ.”