ಹೋಂವರ್ಕ್ ಮತ್ತೆ ಬೋರ್ಡಿಗೆ ಬಂತು

ನಾನು ಸರ್ಕಾರಿ ಹೈಸ್ಕೂಲಿನಲ್ಲಿ ಎಂಟನೇ ಕ್ಲಾಸಿಗೆ ಗಣಿತ ಹೇಳಿಕೊಡುತ್ತೇನೆ. ಬೆಳಗಿನ ಮೊದಲ ಪೀರಿಯಡ್ ನನ್ನದೇ. ಹೋದ ವರ್ಷ ಆ ಪೀರಿಯಡ್‌ನಲ್ಲಿ ಮಕ್ಕಳು ಆಕಳಿಸಿ ಆಕಳಿಸಿ ಕಣ್ಣೊರೆಸಿಕೊಳ್ಳುತ್ತಿದ್ದರು. ಹಿಂದಿನ ದಿನ ಸರಿಯಾಗಿ ಮಾಡಿದ್ದ ಲೆಕ್ಕವೇ ಮರೆತು ಹೋಗಿರುತ್ತಿತ್ತು.

ಒಂದು ದಿನ ಚೀಟಿ ಹಂಚಿದೆ. ಹೆಸರು ಬೇಡ, ನಿನ್ನೆ ಎಷ್ಟು ಗಂಟೆಗೆ ಮಲಗಿದಿರಿ ಅಂತ ಮಾತ್ರ ಬರೆಯಿರಿ ಅಂದೆ. ಹನ್ನೊಂದೂವರೆ, ಹನ್ನೆರಡು, ಒಂದು. ಹದಿಮೂರು ದಾಟಿದ ಮಕ್ಕಳಿಗೆ 8ರಿಂದ 10 ಗಂಟೆ ನಿದ್ದೆ ಬೇಕು. ಒಂದು ಚೀಟಿಯಲ್ಲಿ ಗಂಟೆಯೇ ಇರಲಿಲ್ಲ. ‘ಅಪ್ಪ ಮಲಗಿದ ಮೇಲೆ ಮೊಬೈಲ್ ಸಿಗುತ್ತೆ’ ಅಂತ ಪೆನ್ಸಿಲ್‌ನಲ್ಲಿ ಬರೆದಿತ್ತು.

ಪೋಷಕರ ಸಭೆ ಕರೆದೆವು. ಮಕ್ಕಳಿಗೆ ಮೊಬೈಲ್ ಕೊಡಬೇಡಿ ಅಂತ ಹೇಳಲೆಂದೇ ಹೋಗಿದ್ದೆ. ಒಬ್ಬ ತಾಯಿ ಎದ್ದು ನಿಂತರು. “ಮಿಸ್, ಹೋಂವರ್ಕ್ ಬರೋದೇ ವಾಟ್ಸಾಪ್‌ನಲ್ಲಿ. ನೋಡ್ಬೇಕು ಅಂತಾನೆ. ನಾನು ಹೆಂಗೆ ಬೇಡ ಅನ್ಲಿ?”

ನನ್ನ ಹತ್ತಿರ ಉತ್ತರ ಇರಲಿಲ್ಲ. 2020ರ ಲಾಕ್‌ಡೌನ್‌ನಲ್ಲಿ ಪಾಠ ನಿಲ್ಲಬಾರದು ಅಂತ ಶುರುವಾದ ರೂಢಿ ಅದು. ಶಾಲೆ ತೆರೆದು ವರ್ಷಗಳಾದರೂ ನಾವು ಬಿಟ್ಟಿರಲಿಲ್ಲ. ದಿನಾ ಸಂಜೆ ಮಗುವಿನ ಕೈಗೆ ಮೊಬೈಲ್ ಇಡುತ್ತಿದ್ದವರು ನಾವೇ. ಹೋಂವರ್ಕ್ ನೋಡಲು ಎರಡು ನಿಮಿಷ ಸಾಕು. ಆದರೆ ಅದೇ ಮೊಬೈಲ್‌ನಲ್ಲಿ ರೀಲ್ಸ್ ಇದೆ, ಒಂದು ಮುಗಿಯುವುದರೊಳಗೆ ಇನ್ನೊಂದು. ದೊಡ್ಡವರಿಗೇ ಕೆಳಗಿಡಲು ಆಗುವುದಿಲ್ಲ, ಅಲ್ವಾ?

ಮಾರನೇ ದಿನದಿಂದ ಹೋಂವರ್ಕನ್ನು ಬೋರ್ಡ್ ಮೇಲೆ ಬರೆದೆ. ಮೊದಲ ವಾರ ತುಂಬಾ ಮಕ್ಕಳು ಡೈರಿಗೆ ಇಳಿಸಿಕೊಳ್ಳಲೇ ಇಲ್ಲ. ಪೀರಿಯಡ್‌ನ ಕಡೆಯ ಐದು ನಿಮಿಷ ಅದಕ್ಕೇ ಇಟ್ಟೆ, ಬೆಂಚುಗಳ ನಡುವೆ ಓಡಾಡಿ ಸಹಿ ಹಾಕಿದೆ. ಪೋಷಕರನ್ನು ಒಂದೇ ಕೇಳಿಕೊಂಡೆ: ರಾತ್ರಿ ಒಂಬತ್ತಕ್ಕೆ ಮನೆಯ ಎಲ್ಲ ಮೊಬೈಲ್, ನಿಮ್ಮದೂ ಸೇರಿ, ಅಡುಗೆಮನೆಯಲ್ಲಿ ಚಾರ್ಜಿಗೆ ಹಾಕಿ. ಅಲಾರಂಗೆ ಬೇಕಲ್ಲ ಅಂದವರಿಗೆ ಒಂದು ಅಲಾರಂ ಗಡಿಯಾರ ತನ್ನಿ ಅಂದೆ. ‘ನಿಮ್ಮದೂ’ ಅನ್ನುವುದೇ ಜಾಸ್ತಿ ಕಷ್ಟವಾಯಿತು.

ಎಲ್ಲರೂ ಮಾಡಲಿಲ್ಲ. ಮಾಡಿದ ಮನೆಗಳ ಮಕ್ಕಳು ತಿಂಗಳೊಳಗೆ ಮೊದಲ ಪೀರಿಯಡ್‌ನಲ್ಲೇ ಕೈ ಎತ್ತತೊಡಗಿದರು.

ಆದರೆ ನಿದ್ದೆ ಸರಿಹೋದರೂ ಸರಿಹೋಗದ್ದು ಒಂದಿತ್ತು. ಒಬ್ಬ ಹುಡುಗಿ ಬಿಸಿಯೂಟಕ್ಕೆ ಒಬ್ಬಳೇ ಕೂತು ಅನ್ನ ಕಲಸುತ್ತಲೇ ಇರುತ್ತಿದ್ದಳು, ತಿನ್ನುತ್ತಿರಲಿಲ್ಲ. ಕೇಳಿದರೆ “ಏನಿಲ್ಲ ಮಿಸ್.” ಗೆಳತಿಯರು ಅವಳನ್ನು ಇನ್‌ಸ್ಟಾಗ್ರಾಮ್ ಗ್ರೂಪಿನಿಂದ ತೆಗೆದುಹಾಕಿದ್ದರು. ಅದು ನನಗೆ ತಿಳಿಯಲು ಹದಿನೈದು ದಿನ ಬೇಕಾಯಿತು. ಅಷ್ಟು ದಿನ ಅವಳು ಸುಮ್ನೆ ನುಂಗಿಕೊಂಡಿದ್ದಳು.

ಈಗ ನಾನು ಊಟಕ್ಕೆ ಸ್ಟಾಫ್ ರೂಮಿಗೆ ಹೋಗುವುದಿಲ್ಲ. ತಟ್ಟೆ ಹಿಡಿದು ಮಕ್ಕಳ ಸಾಲಿನಲ್ಲೇ ಕೂರುತ್ತೇನೆ.