ಜಿಸಿಸಿ ಬಿಲ್ಡ್‌ಗೆ ಜಿಎಂಪಿ, ಎಂಪಿಎಫ್‌ಆರ್, ಎಂಪಿಸಿ: ಒಂದೇ ಸ್ಕ್ರಿಪ್ಟ್ ಸಾಕು
ಜಿಸಿಸಿ ಕಂಪೈಲರನ್ನು (ಸಿಯಂಥ ಭಾಷೆಗಳ ಕೋಡನ್ನು ಯಂತ್ರ ಓಡಿಸಬಲ್ಲ ಪ್ರೋಗ್ರಾಂ ಆಗಿಸುವ ಸಾಧನ) ಸೋರ್ಸ್‌ನಿಂದ ಬಿಲ್ಡ್ ಮಾಡುವಾಗ, ಅದಕ್ಕೆ ಬೇಕಾದ ಗಣಿತ ಲೈಬ್ರರಿಗಳಾದ ಜಿಎಂಪಿ, ಎಂಪಿಎಫ್‌ಆರ್, ಎಂಪಿಸಿಗಳನ್ನು ಒಂದೊಂದಾಗಿ ಇನ್‌ಸ್ಟಾಲ್ ಮಾಡಬೇಡಿ. ಸೋರ್ಸ್ ಫೋಲ್ಡರಿನ ಮೇಲ್ಮಟ್ಟದಲ್ಲೇ ನಿಂತು, ಕಾಂಟ್ರಿಬ್ ಒಳಗಿರುವ ಡೌನ್‌ಲೋಡ್‌_ಪ್ರಿರಿಕ್ವಿಸಿಟ್ಸ್ ಸ್ಕ್ರಿಪ್ಟ್ (contrib/download_prerequisites) ಓಡಿಸಿ. ಆ ಆವೃತ್ತಿಗೆ ಹೊಂದುವ ಲೈಬ್ರರಿಗಳನ್ನೇ ಅದು ತಂದು ಸೋರ್ಸ್‌ನೊಳಗೆ ಇಡುತ್ತದೆ. ಅವು ಕಂಪೈಲರ್ ಜೊತೆಗೇ ಬಿಲ್ಡ್ ಆಗಿ ಅದರೊಳಗೆ ಸ್ಟ್ಯಾಟಿಕ್ ಆಗಿ (ಅದರದೇ ಭಾಗವಾಗಿ) ಸೇರುವುದರಿಂದ, ಮುಂದೆ ಕಂಪೈಲರ್ ಓಡಿಸುವಾಗ 'ಎಂಪಿಎಫ್‌ಆರ್ ಸಿಗಲಿಲ್ಲ' ಎಂಬ ತಕರಾರು ಬರುವುದಿಲ್ಲ. ಆಮೇಲೆ ಬಿಲ್ಡ್‌ಗೆ ಸಿದ್ಧತೆ ಮಾಡುವ ಕಾನ್ಫಿಗರ್ ಸ್ಕ್ರಿಪ್ಟ್ ಅನ್ನು ಬೇರೆಯೇ ಖಾಲಿ ಫೋಲ್ಡರಿನಿಂದ ಕೊಡಿ, ಇದನ್ನು ತಪ್ಪಿಸಬೇಡಿ. ನೆಟ್ ಇಲ್ಲದಿದ್ದರೆ ಡೌನ್‌ಲೋಡ್ ಸ್ಕ್ರಿಪ್ಟ್ ಕೈಕೊಡುತ್ತದೆ: ನೆಟ್ ಇರುವ ಯಂತ್ರದಲ್ಲಿ ಓಡಿಸಿ, ಇಡೀ ಸೋರ್ಸ್ ಫೋಲ್ಡರನ್ನೇ ನಕಲು ಮಾಡಿಕೊಳ್ಳಿ. ಚಿಕ್ಕ ಕಂಟೇನರ್‌ಗಳಲ್ಲಿ ಕಡತ ಬಿಚ್ಚುವ ಬಿಝಿಪ್2 ಸಾಧನ ಇಲ್ಲದ ಕಾರಣಕ್ಕೂ ಅದು ಅರ್ಧಕ್ಕೆ ನಿಲ್ಲುವುದುಂಟು. 64 ಬಿಟ್ ಲಿನಕ್ಸ್‌ನಲ್ಲಿ 32 ಬಿಟ್ ಸಿ ಲೈಬ್ರರಿ ಇಲ್ಲ ಎಂದು ಕಾನ್ಫಿಗರ್ ನಿಂತರೆ ಈ ಸ್ಕ್ರಿಪ್ಟ್‌ನಿಂದ ಪರಿಹಾರವಿಲ್ಲ. 64 ಬಿಟ್‌ಗೆ ಮಾತ್ರ ಬಿಲ್ಡ್ ಮಾಡಲು ಕಾನ್ಫಿಗರ್‌ಗೆ 'ಡಿಸೇಬಲ್-ಮಲ್ಟಿಲಿಬ್' (--disable-multilib) ಆಯ್ಕೆ ಕೊಡಿ.