ಕಿನ್ನರಿ ಕಾಣದ ಕಿನ್ನರಿ ಕಥೆ

ನಾನು ಬರೆದು ಚಿತ್ರ ಬಿಡಿಸಿದ ಮಕ್ಕಳ ಕಥೆಯಲ್ಲಿ ಒಬ್ಬ ಹುಡುಗಿಗೆ ಕಿನ್ನರಿಯರ ಗುರುತುಗಳು ಸಿಗುತ್ತವೆ. ಆದರೆ ಕಿನ್ನರಿ ಯಾವ ಪುಟದಲ್ಲೂ ಕಾಣುವುದಿಲ್ಲ. ಹಾಗೆ ಮಾಡಲು ಕಾರಣ ಕಾಟಿಂಗ್ಲಿ ಫೋಟೋಗಳು.

1917ರಲ್ಲಿ ಇಂಗ್ಲೆಂಡಿನ ಕಾಟಿಂಗ್ಲಿಯಲ್ಲಿ ಎಲ್ಸಿ ರೈಟ್ ಮತ್ತು ಅವಳ ಚಿಕ್ಕಮ್ಮನ ಮಗಳು ಫ್ರಾನ್ಸಿಸ್ ಗ್ರಿಫಿತ್ಸ್ ತೊರೆಯ ದಂಡೆಯಲ್ಲಿ ಕಿನ್ನರಿಯರ ಫೋಟೋ ತೆಗೆದರು. ಷರ್ಲಾಕ್ ಹೋಮ್ಸ್ ಕಥೆಗಳ ಆರ್ಥರ್ ಕಾನನ್ ಡಾಯ್ಲ್ ಅವರೇ ನಂಬಿಬಿಟ್ಟರು! ಅವು ಕಾಗದದಲ್ಲಿ ಕತ್ತರಿಸಿ ಪಿನ್ನು ಚುಚ್ಚಿ ನಿಲ್ಲಿಸಿದ ಚಿತ್ರಗಳು ಎಂದು ಇಬ್ಬರೂ ಒಪ್ಪಿಕೊಂಡಿದ್ದು 1980ರ ದಶಕದಲ್ಲಿ. ಮೊದಲ ಫೋಟೋವನ್ನು ಚಿತ್ರಕಾರರ ಕಣ್ಣಿಂದ ನೋಡಿ. ಹಿಂದಿನ ಜಲಪಾತ ಹರಿಯುತ್ತಿರುವುದರಿಂದ ಮಸುಕಾಗಿದೆ, ಆದರೆ ಕುಣಿಯುವಾಗ ಅಲುಗಾಡಬೇಕಾದ ಕಿನ್ನರಿಯರ ರೆಕ್ಕೆ ಮಾತ್ರ ಸ್ಪಷ್ಟ. ಗುಟ್ಟು ಅಲ್ಲೇ ರಟ್ಟು. ಕಿನ್ನರಿಯನ್ನೇ ತೋರಿಸಿದರೆ ಓದುಗರು ಹುಳುಕು ಹುಡುಕುತ್ತಾರೆ. ಗುರುತಷ್ಟೇ ತೋರಿಸಿದರೆ ಕಿನ್ನರಿಯನ್ನು ಹುಡುಕುತ್ತಾರೆ.

ಇಡೀ ಕಥೆ ಹುಡುಗಿಯ ನೋಟ್‌ಬುಕ್ಕಿನ ರೂಪದಲ್ಲಿದೆ. ಅವಳು ತುಂಬಾ ಅನುಮಾನದವಳು. ಹುಲ್ಲಿನಲ್ಲಿ ದುಂಡಗೆ ಎದ್ದ ಅಣಬೆಗಳನ್ನು ಕಂಡಾಗಲೂ ನಿಜವಾದ ಕಾರಣವನ್ನೇ ಬರೆಯುತ್ತಾಳೆ: ಶಿಲೀಂಧ್ರದ ಎಳೆಗಳು ಮಣ್ಣಿನೊಳಗೆ ಒಂದು ಜಾಗದಿಂದ ಎಲ್ಲ ಕಡೆಗೂ ಹರಡುತ್ತವೆ, ಅಣಬೆ ಮಾತ್ರ ಹೊರ ಅಂಚಿನಲ್ಲಿ ಏಳುತ್ತದೆ. ಅಷ್ಟೇ. ಆದರೆ ಚಿತ್ರದಲ್ಲಿ ಆ ಬಳೆಯ ಒಂದು ಕಡೆ ಸಣ್ಣ ದಾರಿ ಬಿಟ್ಟಿದ್ದೇನೆ. ಅಲ್ಲಿ ಹುಲ್ಲು ತುಳಿದ ಹಾಗೆ ಒಳಕ್ಕೆ ಬಾಗಿದೆ. ಮಾತಿನಲ್ಲಿ ಅದರ ಸುದ್ದಿಯೇ ಇಲ್ಲ. ಮಾತು ಅನುಮಾನಿಸಬೇಕು, ಚಿತ್ರ ಚುಚ್ಚಬೇಕು. ಎರಡೂ ಒಂದೇ ಹೇಳಿದರೆ ಚಿತ್ರ ಯಾಕೆ ಬೇಕು, ಅಲ್ವಾ?

ಜಾಸ್ತಿ ಸಮಯ ತಿಂದಿದ್ದು ರೆಕ್ಕೆ. ಪೆನ್ಸಿಲ್ ಪಕ್ಕದಲ್ಲಿ ಬಿದ್ದಿರುವ ಒಂದೇ ಒಂದು ರೆಕ್ಕೆ. ಅದಕ್ಕಾಗಿ ಏರೋಪ್ಲೇನ್ ಚಿಟ್ಟೆಯ ರೆಕ್ಕೆ ನೋಡಿ ನೋಡಿ ಬರೆದೆ. ಮುಂದಿನ ಅಂಚಿನಲ್ಲಿ ದಪ್ಪ ನರಗಳು, ಹಿಂದಕ್ಕೆ ಹೋದಂತೆ ತೆಳ್ಳಗಿನ ಬಲೆ. ಆ ಮಿನುಗು ಬಣ್ಣದ್ದಲ್ಲ, ಸೋಪಿನ ಗುಳ್ಳೆಯಲ್ಲಿ ಕಾಣುವಂಥದ್ದೇ: ತೆಳು ಪೊರೆಯ ಎರಡೂ ಮೈಯಿಂದ ಮರಳುವ ಬೆಳಕು ಒಂದರ ಮೇಲೊಂದು ಸೇರಿ ಆಗುವುದು. ಹಾಗಾಗಿ ಗ್ಲಿಟರ್ ಮುಟ್ಟಲಿಲ್ಲ. ವಾಟರ್ ಕಲರನ್ನು ತೀರಾ ನೀರಾಗಿಸಿ, ಒಂದು ಪದರ ಪೂರ್ತಿ ಒಣಗಿದ ಮೇಲೆ ಇನ್ನೊಂದು ಹಚ್ಚಿದೆ. ಹಸಿರು, ಆಮೇಲೆ ನಸುಗೆಂಪು. ಹೊಳಪಿನ ಜಾಗದಲ್ಲಿ ಕಾಗದದ ಬಿಳಿಯನ್ನೇ ಬಿಟ್ಟೆ. ಪೆನ್ಸಿಲ್ಲಿನ ನೆರಳು ಯಾವ ಕಡೆಗೋ ರೆಕ್ಕೆಯ ನೆರಳೂ ಅದೇ ಕಡೆಗೆ. ಇದೊಂದು ತಪ್ಪಿದರೆ ರೆಕ್ಕೆ ತಂದು ಅಂಟಿಸಿದ ಹಾಗೆ ಕಾಣುತ್ತದೆ.

ಪುಟ ತಿರುಗಿಸುವುದನ್ನೂ ಬಳಸಿಕೊಂಡೆ. ಗುರುತು ಯಾವಾಗಲೂ ಬಲಪುಟದಲ್ಲಿ, ಅದಕ್ಕೆ ಅವಳು ಕೊಡುವ ವಿವರಣೆ ಪುಟ ತಿರುಗಿಸಿದ ಮೇಲೆ. ನಡುವೆ ಮಕ್ಕಳಿಗೆ ಸುಮ್ನೆ ಊಹಿಸಲು ಒಂದು ಗಳಿಗೆ ಸಿಗುತ್ತದೆ.

ಕೊನೆಯಲ್ಲಾದರೂ ಒಂದು ಕಿನ್ನರಿ ಇರಲಿ ಎಂದು ಸಂಪಾದಕರು ಕೇಳಿದರು. ನಾನು ಒಪ್ಪಲಿಲ್ಲ. ಅದರ ಬದಲು ಕೊನೆಯ ಪುಟದಲ್ಲಿ ಅವಳ ಅಳತೆಗಳ ಪಟ್ಟಿ ಹಾಕಿದೆ. ಅದರಲ್ಲಿ ಒಂದು ಸಾಲು ಅವಳ ಕೈಬರಹವಲ್ಲ.